ಮರಸು ಕೂತವರ ವಿದ್ಯೆ

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಕಾಡುಬಾತು ಹೊಡೆಯುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಕೆಲವು ವರ್ಷ ಪರವಾನಗಿ ಪಡೆದು ಸಣ್ಣ ಬೇಟೆ ಆಡಲು ದಾರಿ ಇತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಅದು ಮುಚ್ಚಿಯೇ ಇರಲಿ. ಇಲ್ಲಿ ಮತ್ತೆ ಕೋವಿ ಎತ್ತೋಣ ಎಂದು ಹೇಳಲು ನಾನು ನಿಂತಿಲ್ಲ. ಆದರೆ ಬದುಕಿನಲ್ಲಿ ನನಗೆ ಬಾತುಬೇಟೆಯಷ್ಟು ಪ್ರೀತಿಯ ವಿಷಯ ಇನ್ನೊಂದಿಲ್ಲ. ಉಡುಪಿ ಜಿಲ್ಲೆಯ ಬಾರ್ಕೂರಿನ ಗದ್ದೆಯಲ್ಲಿ ಅದನ್ನು ನೋಡುತ್ತಾ ಬೆಳೆದೆ. ಕೆಲಸಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೋದಾಗ ಅಲ್ಲಿನ ಕಾನೂನಿನ ಪ್ರಕಾರ ಲೈಸೆನ್ಸ್ ಪಡೆದು ಆಡಿದೆ. ಊರಿಗೆ ವಾಪಸ್ಸು ಬಂದ ಮೇಲೆ ದುರ್ಬೀನು ಹಿಡಿದು ಅದೇ ಹಕ್ಕಿಗಳ ಹಿಂದೆ ಇದ್ದೇನೆ. ಹಳೆಯ ಬೇಟೆಗಾರರಿಗೆ ಗೊತ್ತಿದ್ದದ್ದು ಅವರ ಜೊತೆಗೇ ಮಣ್ಣಾಗಬಾರದು. ನನ್ನ ಕಾಳಜಿ ಇಷ್ಟೇ.

ನನ್ನ ಸೋದರಮಾವನ ಹತ್ತಿರ ಜೋಡು ನಳಿಗೆಯ ತೋಟೆ ಕೋವಿ ಇತ್ತು. ಬೆಳೆ ಕಾಯಲು ಕೊಟ್ಟ ಪರವಾನಗಿ. ಆಗ ಸೀತಾನದಿಯ ಬದಿಯ ಬೈಲುಗದ್ದೆಗಳಲ್ಲಿ ಕಾರ್ತಿ, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ. ವರ್ಷದ ಬಹುಪಾಲು ಗದ್ದೆಯಲ್ಲಿ ನೀರು ನಿಂತಿರುತ್ತಿತ್ತು. ನೀರಿದ್ದಲ್ಲಿ ಸಿಳ್ಳೆ ಬಾತು. ನಿಮ್ಮಲ್ಲಿ ತುಂಬಾ ಜನ ನೋಡಿರುತ್ತೀರಿ. ಕಂದು ಮೈ, ಉದ್ದ ಕುತ್ತಿಗೆ, ಹಾರುವಾಗ ಬಿಡದೆ ಸಿಳ್ಳೆ. ಹಗಲೆಲ್ಲ ಕೆರೆಯಲ್ಲೋ ಹಿನ್ನೀರಿನಲ್ಲೋ ಗುಂಪಾಗಿ ತೂಕಡಿಸುತ್ತವೆ. ಕತ್ತಲಾಗುವಾಗ ಮೇಯಲು ಗದ್ದೆಗೆ ಬರುತ್ತವೆ. ಹೆಸರು ಬಾತು, ಆದರೆ ಗೂಡು ಮರದ ಪೊಟರೆಯಲ್ಲಿ. ಗದ್ದೆಯ ಹತ್ತಿರದ ಹಳೇ ಮರ ಕಡಿದರೆ ಬಾತು ಯಾಕೆ ಕಡಿಮೆಯಾಗುತ್ತದೆ ಎಂದು ಮಾವನಿಗೆ ಯಾರೂ ಪುಸ್ತಕ ತೋರಿಸಿ ಹೇಳಬೇಕಾಗಿರಲಿಲ್ಲ.

ಅವನು ಮರಸು ಕೂರುವುದನ್ನು, ಅಂದರೆ ಬೇಟೆಗೆ ಅಡಗಿ ಕೂರುವುದನ್ನು, ನೋಡಬೇಕಿತ್ತು ನೀವು. ಗದ್ದೆಯಂಚಿನ ಕೇದಗೆ ಪೊದೆಗೆ ಒರಗಿಸಿ ತೆಂಗಿನ ಎರಡು ಹಸಿ ಮಡಲು ಚುಚ್ಚುತ್ತಿದ್ದ. ಅಷ್ಟೇ ಅವನ ಮರೆ. ಒಣ ಮಡಲು ಇಡುತ್ತಿರಲಿಲ್ಲ, ಗಾಳಿಗೆ ಸದ್ದಾಗುತ್ತದೆ. ಬಿಳಿ ಪಂಚೆ ಉಡುತ್ತಿರಲಿಲ್ಲ. ಬೀಡಿ ಇಲ್ಲ, ಕೆಮ್ಮು ಬಂದರೆ ತೋಳಿಗೆ ಬಾಯಿ ಒತ್ತಿಕೊಳ್ಳಬೇಕು. ನಾನು ಆಕಾಶ ನೋಡುತ್ತಾ ಕೂತರೆ ಮೆಲ್ಲಗೆ ಗದರುತ್ತಿದ್ದ. "ಮೇಲೆ ಎಂತ ಕಾಂತೆ? ಗಾಳಿ ಎಲ್ಲಿಂದ ಬತ್ತ್ ಕಾಣ್ ಮಾರಾಯ."

ಗಾಳಿಯ ಲೆಕ್ಕ ಹೀಗೆ. ಬಾತು ಇಳಿಯುವಾಗ ಗಾಳಿಗೆ ಎದುರಾಗಿ ಇಳಿಯುತ್ತದೆ, ವೇಗ ಕಡಿಮೆ ಮಾಡಲು. ನಮ್ಮ ಕರಾವಳಿಯಲ್ಲಿ ಹಗಲಿಡೀ ಸಮುದ್ರದಿಂದ ಪಡುಗಾಳಿ. ಸಂಜೆ ಅದು ಇನ್ನೂ ಬೀಸುತ್ತಿದ್ದರೆ ಹಕ್ಕಿ ಮೂಡು ದಿಕ್ಕಿನಿಂದ ಬಂದು ಪಡುವಣಕ್ಕೆ ಮುಖ ಮಾಡಿ ಇಳಿಯುತ್ತದೆ. ರಾತ್ರಿ ನೆಲ ತಣಿದು ಮೂಡುಗಾಳಿ ಶುರುವಾದರೆ ಇಳಿಯುವ ದಾರಿಯೂ ಬದಲು. ಮಾವ ಗಾಳಿ ನೋಡಿ ಮಡಲು ಕಿತ್ತು ಇನ್ನೊಂದು ಅಂಚಿಗೆ ಹೋಗುತ್ತಿದ್ದ. ಇವತ್ತು ಹಕ್ಕಿಯ ಫೋಟೋ ತೆಗೆಯುವ ಹುಡುಗರಿಗೆ ನಾನು ಇದನ್ನೇ ಹೇಳಿಕೊಡುತ್ತಿದ್ದೇನೆ. ಕ್ಯಾಮೆರಾ ಎಷ್ಟೇ ದುಬಾರಿಯಾದರೂ ಗಾಳಿ ಗೊತ್ತಿಲ್ಲದಿದ್ದರೆ ಸಿಗುವುದು ಹಕ್ಕಿಯ ಬೆನ್ನು ಮಾತ್ರ.

ಮಾವನಿಗೆ ಕೆಲವು ಕಟ್ಟುಪಾಡುಗಳಿದ್ದವು. ನಾಗಬನದ ಬದಿಯಲ್ಲಿ ಕೋವಿ ಎತ್ತುವ ಹಾಗಿಲ್ಲ. ದೇವಸ್ಥಾನದ ಕೆರೆಯ ಹಕ್ಕಿ ಮುಟ್ಟುವ ಹಾಗಿಲ್ಲ. ಮಳೆಗಾಲದಲ್ಲಿ ಮರಿ ಮಾಡುವ ಸಮಯ, ಆಗ ಕೋವಿ ಅಟ್ಟದಲ್ಲಿ. ಮನೆಗೆ, ನೆರೆಮನೆಗೆ ಬೇಕಾದಷ್ಟು ಸಿಕ್ಕಿದರೆ ಎದ್ದುಬಿಡಬೇಕು, ತಲೆಯ ಮೇಲೆ ಇನ್ನೂ ನೂರು ಹಕ್ಕಿ ಹಾರುತ್ತಿದ್ದರೂ ಸರಿ. ಗಾಯಗೊಂಡ ಹಕ್ಕಿಯನ್ನು ಬಿಟ್ಟು ಬರುವುದು ಅವನಿಗೆ ಆಗುತ್ತಲೇ ಇರಲಿಲ್ಲ. ಲಾಟೀನು ಹಿಡಿದು ಕೆಸರಿನಲ್ಲಿ ಹುಡುಕುತ್ತಿದ್ದ, ಅತ್ತೆ ಊಟಕ್ಕೆ ಕಾದು ಕಾದು ಸಾಕಾಗುವವರೆಗೂ. ಕಾಯ್ದೆ ಬಂದಾಗ ಅವನು ತಕರಾರು ಮಾಡಲಿಲ್ಲ. ಬಾತು ಹೊಡೆಯುವುದು ನಿಲ್ಲಿಸಿದ. ಸಂಜೆ ಗದ್ದೆಯಂಚಿಗೆ ಹೋಗುವುದು ಮಾತ್ರ ನಿಲ್ಲಿಸಲಿಲ್ಲ.

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಕಣಿವೆಗೆ ನಾನು ಹೋದದ್ದು ಉದ್ಯೋಗಕ್ಕೆ. ಅಲ್ಲಿ ಹೆದ್ದಾರಿಯ ಎರಡೂ ಬದಿ ಭತ್ತದ ಗದ್ದೆ ನೋಡಿ ಆಶ್ಚರ್ಯವಾಯಿತು. ಚಳಿಗಾಲದಲ್ಲಿ ಆ ಗದ್ದೆಗಳ ಮೇಲೆ ಆಕಾಶ ಕಾಣದಷ್ಟು ಹಕ್ಕಿ. ಅಲಾಸ್ಕಾ, ಕೆನಡಾ ಕಡೆಯಿಂದ ಇಳಿದು ಬರುವ ಬಾತು, ಹೆಬ್ಬಾತು. ನಮ್ಮಲ್ಲಿಗೂ ಬರುವ ಸೂಜಿಬಾಲದ ಬಾತು ಅಲ್ಲಿ ರಾಶಿ ರಾಶಿ. ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬರು ಬೇಟೆಗಾರರ ಮನೆತನದವರು. ಅವರ ಅಜ್ಜನ ಕಾಲದಿಂದ ಪ್ರತಿ ಚಳಿಗಾಲ ಜೌಗಿಗೆ ಹೋಗುತ್ತಿದ್ದರು. ಅವರು ನನ್ನನ್ನು ಕರೆದುಕೊಂಡು ಹೋದರು.

ಕರೆದುಕೊಂಡು ಹೋದ ಮಾತ್ರಕ್ಕೆ ಕೋವಿ ಕೈಗೆ ಕೊಡುವುದಿಲ್ಲ. ಮೊದಲು ಬೇಟೆಗಾರರ ತರಗತಿಗೆ ಕೂರಬೇಕು, ಪರೀಕ್ಷೆ ಪಾಸಾಗಬೇಕು. ಆಮೇಲೆ ಲೈಸೆನ್ಸ್. ಸರ್ಕಾರಿ ರಕ್ಷಿತ ಜೌಗಿಗೆ ಹೋಗಬೇಕಾದರೆ ಲಾಟರಿಯಲ್ಲಿ ಹೆಸರು ಬರಬೇಕು. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಮುಳುಗುವವರೆಗೆ ಮಾತ್ರ ಗುಂಡು ಹಾರಿಸಬಹುದು. ಕೋವಿಯಲ್ಲಿ ಮೂರಕ್ಕಿಂತ ಹೆಚ್ಚು ತೋಟೆ ಹಿಡಿಯುವ ಹಾಗಿಲ್ಲ. ಕಾಳು ಚೆಲ್ಲಿ ಹಕ್ಕಿ ಕರೆಯುವ ಹಾಗಿಲ್ಲ. ಒಬ್ಬನಿಗೆ ದಿನಕ್ಕೆ ಏಳು ಬಾತು, ಅದರಲ್ಲೂ ಸಂಖ್ಯೆ ಕಡಿಮೆಯಿರುವ ಜಾತಿಗೆ ಒಂದೋ ಎರಡೋ ಅಂತ ಬೇರೆ ಮಿತಿ. ಅಂದರೆ ಮಬ್ಬು ಬೆಳಕಿನಲ್ಲಿ, ವೇಗವಾಗಿ ಹಾರುವ ಹಕ್ಕಿ ಯಾವ ಜಾತಿ, ಗಂಡೋ ಹೆಣ್ಣೋ ಎಂದು ಗುರುತಿಸಿಯೇ ಗುಂಡು ಹಾರಿಸಬೇಕು. ಗೊತ್ತಾಗದಿದ್ದರೆ ಸುಮ್ನೆ ಕೂರಬೇಕು. ನಾನು ಹಕ್ಕಿ ಗುರುತಿಸಲು ಕಲಿತದ್ದು ಹೀಗೆ. ರೆಕ್ಕೆ ಬಡಿಯುವ ರೀತಿ, ಕುತ್ತಿಗೆಯ ಉದ್ದ, ಗುಂಪು ತಿರುಗುವ ಪರಿ, ದನಿ. ಬಣ್ಣ ಕಾಣುವುದು ಕೊನೆಗೆ.

ಇನ್ನೊಂದು ವಿಷಯ ಕೇಳಿ. ಹಿಂದೆ ಕೋವಿಯ ಚರೆ, ಅಂದರೆ ತೋಟೆಯೊಳಗಿನ ಸಣ್ಣ ಗುಂಡು, ಸೀಸದ್ದು. ತಪ್ಪಿ ಹೋದ ಚರೆ ಜೌಗಿನ ಕೆಸರಿಗೆ ಬೀಳುತ್ತಿತ್ತು. ಬಾತು ಹೊಟ್ಟೆಯಲ್ಲಿ ಕಾಳು ಅರೆಯಲು ಸಣ್ಣ ಕಲ್ಲು ನುಂಗುತ್ತದೆ ಅಲ್ವಾ, ಕಲ್ಲೆಂದು ಸೀಸ ನುಂಗಿ ವಿಷವೇರಿ ಸಾಯುತ್ತಿತ್ತು. ಗುಂಡು ತಾಗದ ಹಕ್ಕಿಯೂ ಹೀಗೆ ಸಾಯುತ್ತಿತ್ತು. 1991ರಲ್ಲಿ ಅಮೆರಿಕ ಇಡೀ ದೇಶದಲ್ಲಿ ನೀರುಹಕ್ಕಿ ಬೇಟೆಗೆ ಸೀಸದ ಚರೆ ನಿಷೇಧಿಸಿತು. ಉಕ್ಕಿನ ಚರೆ ಬಂತು. ಗೊಣಗಿದವರು ಇದ್ದರು, ಉಕ್ಕು ಹಗುರ, ದೂರ ಹೋಗುವುದಿಲ್ಲ ಎಂದು. ಸರಿ, ಹಾಗಾದರೆ ಹಕ್ಕಿ ಹತ್ತಿರ ಬರುವವರೆಗೆ ಕಾಯಿರಿ ಎಂದರು ಹಿರಿಯರು.

ಹಕ್ಕಿ ಹತ್ತಿರ ಬರಬೇಕಾದರೆ ಡಿಕಾಯ್ ಬೇಕು, ಅಂದರೆ ನೀರಿನ ಮೇಲೆ ತೇಲಿಬಿಡುವ ಹುಸಿ ಬಾತು. ಈ ಕಸುಬಿಗೆ ನಾನು ಪೂರ್ತಿ ಮರುಳಾದೆ. 1924ರಲ್ಲಿ ನೆವಾಡಾದ ಲವ್‌ಲಾಕ್ ಗುಹೆಯಲ್ಲಿ ಜೊಂಡಿನಿಂದ ಹೆಣೆದ ಹುಸಿ ಬಾತುಗಳು ಸಿಕ್ಕಿದವು. ಸುಮಾರು 2000 ವರ್ಷ ಹಳೆಯವು. ಅಲ್ಲಿನ ಮೂಲನಿವಾಸಿಗಳು ಜೊಂಡನ್ನು ಮಡಚಿ ಕಟ್ಟಿ, ಬಣ್ಣ ಹಚ್ಚಿ, ನಿಜವಾದ ಗರಿ ಸಿಕ್ಕಿಸಿ ಮಾಡಿದ್ದು. ಇವತ್ತು ಅದನ್ನು ನೋಡಿದರೂ ಯಾವ ಜಾತಿಯ ಬಾತು ಎಂದು ಹೇಳಬಹುದು, ಅಷ್ಟು ಚೆನ್ನಾಗಿದೆ. ಬಿಳಿಯರು ಬಂದ ಮೇಲೆ ಮರದಲ್ಲಿ ಕೆತ್ತಿದರು. ಈಗ ಹೆಚ್ಚಿನವರು ಪ್ಲಾಸ್ಟಿಕ್ ಕೊಳ್ಳುತ್ತಾರೆ. ನನಗೆ ಕಲಿಸಿದ ಹಿರಿಯರು ಮರ ಬಿಡಲಿಲ್ಲ.

ಕೆತ್ತುವ ಕ್ರಮ ಹೇಳುತ್ತೇನೆ. ಮೈಗೆ ಒಂದು ತುಂಡು, ತಲೆಗೆ ಇನ್ನೊಂದು. ತಲೆಯ ತುಂಡಿನಲ್ಲಿ ಮರದ ಎಳೆ ಕೊಕ್ಕಿನ ಉದ್ದಕ್ಕೇ ಓಡಬೇಕು. ಅಡ್ಡ ಬಂದರೆ ಕೊಕ್ಕು ಮುರಿಯುತ್ತದೆ. ಮೈಯನ್ನು ಒಳಗಿನಿಂದ ಕೊರೆದು ಹಗುರ ಮಾಡಿ, ಅಡಿಗೆ ಹಲಗೆ ಬಡಿದು, ಅದರ ಕೆಳಗೆ ಒಂದು ಪಟ್ಟಿ ಮತ್ತು ತೂಕ ಕೂರಿಸಬೇಕು. ಗಾಳಿಗೆ ಮಗುಚಿದರೂ ತಾನಾಗಿ ಎದ್ದು ನಿಲ್ಲಬೇಕು. ಬಣ್ಣ ಹೊಳೆಯಬಾರದು. ನಿಜವಾದ ಗರಿ ಒದ್ದೆಯಾದರೂ ಹೊಳಪು ಮೆತ್ತಗೆ. ಹೊಳೆಯುವ ಹುಸಿ ಬಾತು ಕಂಡರೆ ಮೇಲಿರುವ ಗುಂಪು ಅಲ್ಲಿಂದಲೇ ತಿರುಗಿಬಿಡುತ್ತದೆ. ಎಲ್ಲ ತಲೆಗಳನ್ನೂ ಎತ್ತಿ ನಿಲ್ಲಿಸಬಾರದು. ಕುತ್ತಿಗೆ ನೀಟಿದ ಬಾತು ಎಂದರೆ ಹೆದರಿದ ಬಾತು. ಕೆಲವು ತಲೆ ತಗ್ಗಿಸಿರಬೇಕು, ಒಂದೆರಡು ಬೆನ್ನಿಗೆ ಕೊಕ್ಕು ತುರುಕಿ ಮಲಗಿರಬೇಕು. ನೀರಿನಲ್ಲಿ ಬಿಡುವಾಗ ನಡುವೆ ಜಾಗ ಖಾಲಿ ಬಿಡಬೇಕು, ಗಾಳಿಯ ಕೆಳಬದಿಗೆ ಬಾಯಿ ತೆರೆದ ಹಾಗೆ. ಬರುವ ಹಕ್ಕಿ ಆ ಖಾಲಿ ಜಾಗಕ್ಕೇ ಇಳಿಯುತ್ತದೆ.

ಆ ಹಿರಿಯರು ಕೊಕ್ಕಿನ ತುದಿಯ ಸಣ್ಣ ಉಗುರನ್ನೂ ಬಿಡದೆ ಕೆತ್ತುತ್ತಿದ್ದರು. ಅಷ್ಟು ಎತ್ತರದಿಂದ ಹಕ್ಕಿಗೆ ಅದು ಕಾಣುತ್ತದಾ ಎಂದು ಕೇಳಿದೆ. "ಹಕ್ಕಿಗೆ ಕಾಣದಿರಬಹುದು, ಬಾತಿಗೆ ಅದು ಇದೆಯಲ್ಲ" ಎಂದರು. ಮಾತು ನನ್ನೊಳಗೆ ಕೂತಿದೆ.

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರುತ್ತೇನೆ. ಕೊಲ್ಲುವವನಿಗೆ ಎಂಥ ಪ್ರೀತಿ? ಎಲ್ಲ ಬೇಟೆಯನ್ನೂ ನಾನು ಸಮರ್ಥಿಸುವುದಿಲ್ಲ. 1938ರ ನವೆಂಬರಿನಲ್ಲಿ ಭರತ್‌ಪುರದ ಜೌಗಿನಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ಮತ್ತು ಅತಿಥಿಗಳು ಒಂದೇ ದಿನ 4273 ಹಕ್ಕಿ ಉರುಳಿಸಿದರು. ಲೆಕ್ಕವನ್ನು ಕಲ್ಲಿನ ಫಲಕದಲ್ಲಿ ಕೆತ್ತಿಸಿದ್ದಾರೆ, ಈಗಲೂ ಅಲ್ಲಿದೆ. ನನ್ನ ಪ್ರಕಾರ ಅದು ಬೇಟೆಯೇ ಅಲ್ಲ, ದರ್ಬಾರು. ಅಮೆರಿಕದಲ್ಲೂ ಹತ್ತೊಂಬತ್ತನೇ ಶತಮಾನದಲ್ಲಿ ಮಾರುಕಟ್ಟೆಗಾಗಿ ಕೊಂದರು. ದೋಣಿಗೆ ದೊಡ್ಡ ಕೋವಿ ಕಟ್ಟಿ ಒಂದು ಗುಂಡಿಗೆ ಹಿಂಡುಗಟ್ಟಲೆ ಬಾತು ಹೊಡೆದು ಪೀಪಾಯಿಗಳಲ್ಲಿ ಪೇಟೆಗೆ ಕಳಿಸುತ್ತಿದ್ದರು. ಅಲ್ಲಿನ ಲ್ಯಾಬ್ರಡಾರ್ ಬಾತು 1870ರ ದಶಕದ ನಂತರ ಯಾರಿಗೂ ಖಚಿತವಾಗಿ ಕಾಣಿಸಲಿಲ್ಲ.

ಆದರೆ ಅದನ್ನು ನಿಲ್ಲಿಸಲು ಹೋರಾಡಿದವರಲ್ಲಿ ಬೇಟೆಗಾರರೇ ಮುಂದಿದ್ದರು. ಮೂವತ್ತರ ದಶಕದಲ್ಲಿ ಬರ ಬಂದು ಜೌಗುಗಳು ಒಣಗಿದವು. 1934ರಲ್ಲಿ ಡಕ್ ಸ್ಟಾಂಪ್ ಕಾನೂನು ಬಂತು. ಬಾತುಬೇಟೆಗೆ ಹೋಗುವ ದೊಡ್ಡವರೆಲ್ಲ ಪ್ರತಿ ವರ್ಷ ಒಂದು ಸ್ಟಾಂಪ್ ಕೊಳ್ಳಲೇಬೇಕು. ಮೊದಲ ಸ್ಟಾಂಪಿನ ಚಿತ್ರ ಬರೆದವರು ಡಿಂಗ್ ಡಾರ್ಲಿಂಗ್ ಎಂಬ ವ್ಯಂಗ್ಯಚಿತ್ರಕಾರರು, ಅವರೂ ಬೇಟೆಗಾರರೇ. ಬೆಲೆ ಆಗ 1 ಡಾಲರ್, ಈಗ 25. ಪ್ರತಿ ಡಾಲರಿನಲ್ಲಿ 98 ಸೆಂಟ್ ಜೌಗು ನೆಲ ಕೊಳ್ಳಲು, ಕಾಪಾಡಲು ಹೋಗುತ್ತದೆ. ಹೀಗೆ ಉಳಿದ ನೆಲ 60 ಲಕ್ಷ ಎಕರೆಗಿಂತ ಜಾಸ್ತಿ. ಆಯ್ದ ಬೇಟೆಗಾರರು ತಾವು ಹೊಡೆದ ಬಾತಿನ ಒಂದು ರೆಕ್ಕೆಯನ್ನು ಲಕೋಟೆಗೆ ಹಾಕಿ ಸರ್ಕಾರಕ್ಕೆ ಅಂಚೆಯಲ್ಲಿ ಕಳಿಸುತ್ತಾರೆ. ಗರಿ ನೋಡಿ ಜಾತಿ, ಗಂಡು ಹೆಣ್ಣು, ಆ ವರ್ಷದ ಮರಿಯೋ ಹಳೆಯದೋ ಎಂದು ಲೆಕ್ಕ ಹಾಕುತ್ತಾರೆ. ಮುಂದಿನ ವರ್ಷದ ಮಿತಿಗೆ ಇಂಥ ಲೆಕ್ಕಗಳೇ ಆಧಾರ. ಕಾಲಿಗೆ ಉಂಗುರ ಹಾಕಿ ಬಿಟ್ಟ ಹಕ್ಕಿಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ಗೊತ್ತಾದದ್ದೂ ಬಹುಪಾಲು ಬೇಟೆಗಾರರು ಆ ಉಂಗುರದ ನಂಬರು ತಿಳಿಸಿದ್ದರಿಂದ.

ನಿಮಗೆ ಇದು ವಿಚಿತ್ರ ಅನಿಸಬಹುದು. ಮಲ್ಪೆಯ ಮೀನುಗಾರರನ್ನು ಕೇಳಿ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳೆಲ್ಲ ದಕ್ಕೆಯಲ್ಲಿ ನಿಂತಿರುತ್ತವೆ. ಮೀನು ಮೊಟ್ಟೆ ಇಡುವ ಕಾಲ. ಮೀನು ಹಿಡಿದೇ ಬದುಕುವವರಿಗೆ ಮೀನು ಉಳಿಯಬೇಕೆಂಬ ಆಸೆ ಎಲ್ಲರಿಗಿಂತ ಹೆಚ್ಚು. ನಾನು ಜೌಗಿನಲ್ಲಿ ಕಂಡ ಬೇಟೆಗಾರರೂ ಹಾಗೆಯೇ.

ಈಗ ಗದ್ದೆಗೆ ಬರೋಣ. ಇದು ನಮಗೆ ನೇರ ಸಂಬಂಧಪಟ್ಟದ್ದು. ಸ್ಯಾಕ್ರಮೆಂಟೊ ಕಣಿವೆ ಇರುವ ಸೀಮೆಯಲ್ಲಿ ಹಳೆಯ ಜೌಗು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೋಗಿಬಿಟ್ಟಿದೆ. ಹಾಗಿದ್ದೂ ಅಷ್ಟು ಹಕ್ಕಿ ಹೇಗೆ? ಹಿಂದೆ ರೈತರು ಕೊಯ್ಲಾದ ಮೇಲೆ ಗದ್ದೆಯ ಹುಲ್ಲು ಸುಡುತ್ತಿದ್ದರು. ಹೊಗೆಯ ಕಾಟಕ್ಕೆ 1991ರಲ್ಲಿ ಸುಡುವುದನ್ನು ಹಂತಹಂತವಾಗಿ ಕಡಿಮೆ ಮಾಡುವ ಕಾನೂನು ಬಂತು. ಹುಲ್ಲು ಕೊಳೆಸಲು ರೈತರು ಚಳಿಗಾಲದಲ್ಲಿ ಗದ್ದೆಗೆ ನೀರು ಬಿಟ್ಟರು. ಉದುರಿದ ಭತ್ತ, ಹುಳುಹುಪ್ಪಟೆ ತಿನ್ನಲು ಬಾತು ಬಂದವು. ಅವು ಕೆದಕಿ ತುಳಿದ ಗದ್ದೆಯಲ್ಲಿ ಹುಲ್ಲು ಬೇಗ ಕೊಳೆಯಿತು. ರೈತನಿಗೂ ಲಾಭ, ಹಕ್ಕಿಗೂ ಊಟ.

ನಮ್ಮಲ್ಲಿ ಏನಾಗಿದೆ? ಕೋವಿ ಹೋಗಿ ಇಷ್ಟು ವರ್ಷವಾಯಿತು. ಹಾಗಾದರೆ ಬಾತು ಹೆಚ್ಚಾಗಬೇಕಿತ್ತು. ಮಾವನ ಗದ್ದೆಯಲ್ಲಿ ಈಗ ಬಾತು ಇಳಿಯುವುದಿಲ್ಲ. ಯಾಕೆಂದರೆ ಗದ್ದೆಯೇ ಹಡಿಲು ಬಿದ್ದಿದೆ. ಕೊಳಕೆ ಬೆಳೆ ನಿಂತಿತು, ಆಮೇಲೆ ಸುಗ್ಗಿ ನಿಂತಿತು. ಕಟ್ಟ ಕಟ್ಟಿ ತೋಡಿನ ನೀರು ತಿರುಗಿಸುವವರು ಇಲ್ಲ. ನೀರಿಲ್ಲದ ಗದ್ದೆಗೆ ಮಣ್ಣು ತುಂಬಿಸಿ ಸೈಟು ಮಾಡುವುದು ಸುಲಭ. ಬೈಲುಗದ್ದೆಯೂ ಒಂದು ಜೌಗು ಎಂದು ಮೊದಲು ನಾವು ಒಪ್ಪಿಕೊಳ್ಳಬೇಕು. ಜೌಗು ಪ್ರದೇಶಗಳ ರಾಮ್‌ಸಾರ್ ಒಪ್ಪಂದ 1971ರಲ್ಲಿ ಆದಾಗ ಅದರ ಪೂರ್ತಿ ಹೆಸರಿನಲ್ಲೇ ನೀರುಹಕ್ಕಿಗಳ ನೆಲೆ ಎಂಬ ಮಾತು ಸೇರಿತ್ತು. 2024ರಲ್ಲಿ ನಮ್ಮ ನೆರೆಯ ಉತ್ತರ ಕನ್ನಡದ ಅಘನಾಶಿನಿ ಅಳಿವೆ ಆ ಪಟ್ಟಿಗೆ ಸೇರಿತು, ಹೆಬ್ಬಾತುಗಳು ಬರುವ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಸೇರಿತು. ತುಂಬಾ ಸಂತೋಷ. ಆದರೆ ಸ್ವರ್ಣಾ, ಸೀತಾ ನದಿಗಳು ಸೇರುವ ಕೋಡಿ ಬೆಂಗ್ರೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕೆಸರುದಂಡೆಗಳಲ್ಲಿ ಯಾವ ತಿಂಗಳು ಯಾವ ಹಕ್ಕಿ ಎಷ್ಟು ಎಂದು ನಮ್ಮ ಕೈಯಲ್ಲಿ ಬರೆದಿಟ್ಟ ಲೆಕ್ಕ ಇರಬೇಕಲ್ವಾ? ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿ ನಡೆಯುತ್ತಿದೆ. ಯಾರು ಬೇಕಾದರೂ ಸೇರಬಹುದು. ನಾವೂ ಸೇರೋಣ.

ಆ ಗಣತಿಗೆ ಹೋಗುವಾಗ ಊರಿನ ಹಳೇ ಬೇಟೆಗಾರರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ ಎಂಬುದು ನನ್ನ ಕೋರಿಕೆ. ಇನ್ನೂ ಕೆಲವರು ಇದ್ದಾರೆ. ಎಂಬತ್ತು ದಾಟಿದವರು. ಅವರನ್ನು ಅಪರಾಧಿಗಳ ಹಾಗೆ ನೋಡಬೇಡಿ. ಅವರ ಕಾಲದಲ್ಲಿ ಅದು ತಪ್ಪಾಗಿರಲಿಲ್ಲ. ಜಗಲಿ ಕಟ್ಟೆಯಲ್ಲಿ ಕೂತು ಕೇಳಿ, ಉಬ್ಬರದ ಹೊತ್ತಿನಲ್ಲಿ ಹಕ್ಕಿ ಎಲ್ಲಿಗೆ ಹೋಗುತ್ತದೆ, ಯಾವ ತೋಡಿನಲ್ಲಿ ಬೇಸಿಗೆಯಲ್ಲೂ ನೀರಿತ್ತು, ಮೊದಲ ಚಳಿಬಾತು ಯಾವ ಹಬ್ಬದ ಹೊತ್ತಿಗೆ ಬರುತ್ತಿತ್ತು. ಒಡಿಶಾದ ಚಿಲಿಕಾ ಸರೋವರದ ಮಂಗಳಾಜೋಡಿ ಹಳ್ಳಿಯಲ್ಲಿ ಹಕ್ಕಿ ಹಿಡಿದು ಮಾರುತ್ತಿದ್ದವರೇ ಮನಸ್ಸು ಬದಲಿಸಿ ಕಾವಲಿಗೆ ನಿಂತರು. ಇವತ್ತು ಅವರೇ ದೋಣಿಯಲ್ಲಿ ಪ್ರವಾಸಿಗರನ್ನು ಕರೆದೊಯ್ದು ಹಕ್ಕಿ ತೋರಿಸುತ್ತಾರೆ. ಅವರಷ್ಟು ಹತ್ತಿರ ದೋಣಿ ಒಯ್ಯಲು ಬೇರೆಯವರಿಗೆ ಬರುವುದಿಲ್ಲ. ಹಕ್ಕಿ ಯಾವಾಗ ಬೆದರುತ್ತದೆ ಎಂದು ಅವರಿಗೆ ಗೊತ್ತು.

ಕೊನೆಗೆ, ಹುಸಿ ಬಾತು ಕೆತ್ತುವುದನ್ನು ಇಲ್ಲಿ ಕಲಿಸುತ್ತೀರಾ ಎಂದು ಈಗ ಒಬ್ಬರು ಚೀಟಿ ಕಳಿಸಿದ್ದಾರೆ. ಖಂಡಿತ ಕಲಿಸುತ್ತೇನೆ. ಬೇಟೆಗಲ್ಲ, ಮಕ್ಕಳಿಗೆ ಹಕ್ಕಿಯ ಪರಿಚಯ ಆಗಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಒಂದು ಸಿಳ್ಳೆ ಬಾತಿನ ತಲೆ ಕೆತ್ತಿದ ಮಗು ಆ ಹಕ್ಕಿಯನ್ನು ಮತ್ತೆ ಮರೆಯುವುದಿಲ್ಲ. ಮರದ ಚಿಂತೆ ಬೇಡ. ಆಟಿ ಅಮಾವಾಸ್ಯೆಗೆ ಕಷಾಯ ಕುಡಿಯುತ್ತೇವಲ್ಲ, ಆ ಪಾಲೆ ಮರವೇ ಸಾಕು. ಹಗುರ, ಮೆದು, ಉಳಿಗೆ ಸುಲಭವಾಗಿ ಬಗ್ಗುತ್ತದೆ. ಹಿಂದೆ ಶಾಲೆಯ ಹಲಗೆ ಮಾಡುತ್ತಿದ್ದದ್ದೂ ಅದರಿಂದಲೇ. ಇದಕ್ಕಾಗಿ ಮರ ಕಡಿಯಬೇಡಿ. ಗಾಳಿಗೆ ಬಿದ್ದ ಕೊಂಬೆ ಇದ್ದರೆ ತನ್ನಿ, ನೆರಳಿನಲ್ಲಿ ಚೆನ್ನಾಗಿ ಒಣಗಿಸಿ ತನ್ನಿ. ಹಸಿ ಮರ ಬಿರುಕು ಬಿಡುತ್ತದೆ. ಉಳಿ, ಅರ, ಬಣ್ಣ ನಾನು ತರುತ್ತೇನೆ.